ಇಲಿಗಳ ಪುಟ್ಟಲಕ್ಷ್ಮಿ

ಬಾಡಿಗೆ ಮನೆ ಕೇಳಿಕೊಂಡು ಬಂದವರು ಯಾರೇ ಆಗಲಿ ಮೊದಲು ನಲ್ಲಿ ತಿರುಗಿಸಿ ನೋಡುತ್ತಾರೆ. ಪುಟ್ಟಲಕ್ಷ್ಮಿ ನಲ್ಲಿಯ ಕಡೆ ಕಣ್ಣೂ ಹಾಯಿಸದೆ ನನ್ನ ಮಂಚದ ಕೆಳಗೆ ಬಗ್ಗಿ ನೋಡಿದಳು. ಆಮೇಲೆ ಒಲೆಯ ಮೂಲೆ, ಅಟ್ಟ, ರಾಗಿ ಮೂಟೆಯ ಹಿಂದೆ. ಒಡವೆ ಕಳೆದುಕೊಂಡವಳ ಹಾಗೆ ಹುಡುಕಿದಳು. ಏನಮ್ಮ ಬೇಕು ನಿನಗೆ ಎಂದು ಕೇಳಿದ್ದಕ್ಕೆ ನೆಟ್ಟಗೆ ನಿಂತು, "ಬೆಕ್ಕಿದೆಯಾ ಅಜ್ಜಿ?" ಎಂದಳು.

ಇದೆ ಎಂದೆ. ಅಷ್ಟರಲ್ಲಿ ಅದೇ ಬಂದು ಅವಳ ಕಾಲು ಸವರಿತು. ಪುಟ್ಟಲಕ್ಷ್ಮಿ ಹಾರಿದಳು. ಹಾರಿದ ರಭಸಕ್ಕೆ ಬಾಗಿಲ ಮೇಲಿನ ಮರಕ್ಕೆ ತಲೆ ಢಣ್ ಎಂದಿತು. ಹೆಸರು ಪುಟ್ಟಲಕ್ಷ್ಮಿಯಾದರೂ ಆಳು ಮಾತ್ರ ಫಸಲಿಗೆ ಬಂದ ತೆಂಗಿನ ಮರ. ಅಳುತ್ತಾಳೇನೋ ಎಂದುಕೊಂಡರೆ ನೆತ್ತಿ ಉಜ್ಜಿಕೊಳ್ಳುತ್ತ ನಗಲು ಶುರುಮಾಡಿದಳು. ತಲೆಗೆ ಏಟು ಬಿದ್ದರೆ ನಗುವವಳನ್ನು ನಾನು ನೋಡಿದ್ದು ಅದೇ ಮೊದಲು. ಗುಬ್ಬಿಯಲ್ಲಿ ನಮ್ಮ ಮಹಡಿಯ ಕೋಣೆಗೆ ಅವಳು ಬಂದದ್ದು ಹೀಗೆ.

ತುಮಕೂರಿನಲ್ಲಿ ಮೂರ್ನಾಲ್ಕು ಮನೆಯವರು ಅವಳ ಕೆಲಸ ಏನೆಂದು ಕೇಳಿದವರೇ ಬಾಗಿಲು ಹಾಕಿಕೊಂಡಿದ್ದರಂತೆ. ಕೆಲಸ ಎಂದರೆ ಇಲಿ. ತುಮಕೂರಿನ ಒಂದು ಕಾಲೇಜಿನಲ್ಲಿ ಬಿಳಿ ಇಲಿ ಸಾಕಿ, ಅವುಗಳ ಮಿದುಳಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಬಟ್ಟೆಗೆ ಬೆಕ್ಕಿನ ವಾಸನೆ ಹತ್ತಿದರೆ ಇಲಿಗಳು ಹೆದರಿ ಮೂಲೆ ಸೇರುತ್ತವಂತೆ, ಆವತ್ತಿನ ಪರೀಕ್ಷೆಯೆಲ್ಲ ಹಾಳಂತೆ. ಬೆಕ್ಕನ್ನು ಓಡಿಸುವುದಿಲ್ಲ, ಬೇಕಾದರೆ ನೀನು ಬೇರೆ ಮನೆ ನೋಡಿಕೋ ಎಂದೆ. ಅವಳು ಸ್ವಲ್ಪ ಯೋಚಿಸಿ, "ಬೆಕ್ಕೂ ಇರ್ಲಿ, ನಾನೂ ಇರ್ತೀನಿ. ಇಲಿ ಏನ್ ಹೇಳುತ್ತೋ ನೋಡೋಣ" ಎಂದಳು.

ಈ ಮಾತು ಅವಳಿಗೆ ಉಪ್ಪಿದ್ದ ಹಾಗೆ, ಎಲ್ಲದಕ್ಕೂ ಹಾಕುತ್ತಿದ್ದಳು. ಮಳೆ ಬರುತ್ತಾ ಎಂದರೂ ಅದೇ, ಬಸ್ಸು ಸಿಗುತ್ತಾ ಎಂದರೂ ಅದೇ. ಮದುವೆ ಯಾವಾಗ ಎಂದು ನಾನು ಕೇಳಿದಾಗಲೂ ಇಲಿಯನ್ನೇ ಕೇಳಬೇಕು ಎಂದಳು.

ಅವಳ ಊರು ಹುತ್ರಿದುರ್ಗದ ಬೆಟ್ಟದ ಕೆಳಗೆ. ರಾಗಿ ಬೆಳೆಯುವ ಜನ. ಕುಣಿಗಲ್ ಸೀಮೆ ಎಂದರೆ ಲೋಕವೆಲ್ಲ ಕುದುರೆ ಎನ್ನುತ್ತದೆ, ಇವಳು ಇಲಿ ಹಿಡಿದಳು. ಅವಳ ತಾಯಿ ಫೋನು ಮಾಡಿದರೆ ಮಹಡಿಯ ಮಾತು ನನ್ನ ಅಡುಗೆಮನೆಗೇ ಕೇಳುತ್ತಿತ್ತು. "ಇಷ್ಟು ಓದ್ಸಿದ್ದು ಇಲಿಗೆ ಕೂಳಾಕಕ್ಕೇನ್ಲೇ?" ಎಂದು ಆಯಮ್ಮ ಕೂಗುವುದು, ಇವಳು ಕಿಸಿಕಿಸಿ ನಗುವುದು. ಒಂದು ಭಾನುವಾರ ಆಯಮ್ಮ ಕುಣಿಗಲ್ಲಿಂದ ಒಬ್ಬ ಗಂಡನ್ನು ನಮ್ಮ ಮನೆಗೇ ಕಳಿಸಿಬಿಟ್ಟರು. ಪಾಪದವನು, ಉಪ್ಪಿಟ್ಟು ತಿನ್ನುತ್ತ ನಿಮ್ಮ ಕೆಲಸ ಏನು ಎಂದು ಕೇಳಿದ. ಇವಳು ಸಂಭ್ರಮದಿಂದ ಇಲಿಗೆ ಹೇಗೆ ಮತ್ತು ಬರಿಸಿ, ತಲೆಯಲ್ಲಿ ಎಲ್ಲಿ ತೂತು ಕೊರೆದು, ಎಷ್ಟು ಆಳಕ್ಕೆ ಸೂಜಿ ಇಳಿಸುತ್ತಾರೆ ಎಂದು ಅವನ ತಟ್ಟೆಯ ಗೋಡಂಬಿಯನ್ನೇ ತೋರಿಸಿ ವಿವರಿಸಿದಳು. ಹುಡುಗ ಗೋಡಂಬಿಯನ್ನು ಹಾಗೇ ಬಿಟ್ಟು ಎದ್ದ. ಕುಣಿಗಲ್ ಬಸ್ಸಿನಲ್ಲಿ ಅವನಿಗೆ ವಾಂತಿಯಾಯಿತು ಎಂದು ಆಮೇಲೆ ತಿಳಿಯಿತು.

ಹೂ ಮುಡಿಯುತ್ತಿರಲಿಲ್ಲ, ಪೌಡರು ಹಚ್ಚುತ್ತಿರಲಿಲ್ಲ, ವಾಸನೆಯ ಸೋಪು ಮುಟ್ಟುತ್ತಿರಲಿಲ್ಲ. ಎಲ್ಲ ಇಲಿಗಳ ಮೂಗಿನ ಮರ್ಯಾದೆಗೆ. ಕಾಲೇಜಿಗೆ ಹಾಕಿಕೊಳ್ಳುವ ಬಟ್ಟೆಯನ್ನು ಟ್ರಂಕಿನಲ್ಲಿ ಬೀಗ ಹಾಕಿ ಇಡುತ್ತಿದ್ದಳು. ಆದರೂ ಒಂದು ದಿನ ನಮ್ಮ ಬೆಕ್ಕು ಹೇಗೋ ಆ ಟ್ರಂಕಿನಲ್ಲೇ ಮಲಗಿ ಎದ್ದಿತ್ತು. ಸಂಜೆ ಬಂದವಳು ಮೆಟ್ಟಿಲ ಮೇಲೆ ಕೂತು, ಒಂದು ಇಲಿಯೂ ಹೆಜ್ಜೆ ಎತ್ತಲಿಲ್ಲ, ಎಲ್ಲ ಸೇರಿ ಮುಷ್ಕರ ಹೂಡಿದವು ಎಂದು ಹೇಳಿ ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇಂಥವಳು ನಮ್ಮ ಬಚ್ಚಲಲ್ಲಿ ಹೆಗ್ಗಣ ಕಂಡರೆ ಮಾತ್ರ ಚಿಟಾರನೆ ಚೀರಿ ಮಂಚ ಹತ್ತುತ್ತಿದ್ದಳು. ಅದು ನಂದಲ್ಲ, ಪರಿಚಯ ಇಲ್ಲ ಎನ್ನುತ್ತಿದ್ದಳು.

ಈಗ ನನ್ನ ಮೊಮ್ಮಗಳ ವಿಷಯ ಹೇಳಬೇಕು. ನನ್ನ ಮಗ, ಸೊಸೆ ಶೋಭಾ ಇಬ್ಬರೂ ಹಿರೇಹಳ್ಳಿಯ ಫ್ಯಾಕ್ಟರಿಗೆ ಹೋಗುವವರು. ಗೌರಿ ನನ್ನ ಸೊಂಟದ ಮೇಲೆ. ಮಾತಿಗೆ ಹೇಳುತ್ತಿಲ್ಲ, ನಾಲ್ಕು ವರ್ಷ ತುಂಬಿದ ಹುಡುಗಿಯನ್ನು ಎತ್ತಿಕೊಂಡೇ ಅಡುಗೆ ಮಾಡುತ್ತಿದ್ದೆ. ಕೂಸಾಗಿದ್ದಾಗಲೇ ಅವಳ ತಲೆ ವಿಪರೀತ ಬೆಳೆಯತೊಡಗಿತು. ನೀರೆರೆಯುವಾಗ ನೆತ್ತಿ ಉಬ್ಬಿ ಬಿಗಿಯಾಗಿರುತ್ತಿತ್ತು. ನೆಂಟರೆಲ್ಲ ತಲೆ ದೊಡ್ಡದಿದ್ದರೆ ಬುದ್ಧಿ ದೊಡ್ಡದು, ತಹಸೀಲ್ದಾರಳಾಗುತ್ತಾಳೆ ಎಂದು ದೃಷ್ಟಿ ತೆಗೆದರು. ಬೆಂಗಳೂರಿನ ಆಸ್ಪತ್ರೆಯವರು ತಹಸೀಲ್ದಾರಿಕೆ ಅಲ್ಲ, ತಲೆಯಲ್ಲಿ ನೀರು ತುಂಬಿದೆ ಎಂದರು. ತಲೆಯಿಂದ ಹೊಟ್ಟೆಗೆ ಚರ್ಮದ ಒಳಗೇ ಒಂದು ಸಣ್ಣ ಕೊಳವೆ ಇಟ್ಟರು. ನೀರು ಇಳಿಯಿತು, ಮಗು ಉಳಿಯಿತು. ಆದರೆ ಅಷ್ಟು ದಿನ ನೀರು ಒತ್ತಿದ್ದರಿಂದ ಮಿದುಳಿಗೆ ಏಟಾಗಿತ್ತು. ಕಾಲು ಬಿಗಿ, ನಿಲ್ಲಿಸಿದರೆ ಓಲಾಟ. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ, ಅದು ನನ್ನ ಕಡೆಯಿಂದ ಬಂದದ್ದು. ಕೈ ಹಿಡಿದು ನಡೆಸಿ ಎಂದು ಡಾಕ್ಟರು ಹೇಳಿದ್ದರು. ಬಿದ್ದು ಕೊಳವೆ ಕಿತ್ತುಕೊಂಡರೆ ಯಾರು ಹೊಣೆ ಎಂದು ನಾನು ಅವಳಿಗೆ ನೆಲ ಮುಟ್ಟಿಸುತ್ತಿರಲಿಲ್ಲ.

ಪುಟ್ಟಲಕ್ಷ್ಮಿ ಮಗುವಿನ ಕಿವಿಯ ಹಿಂದೆ ಕೊಳವೆ ಇಟ್ಟ ಗುರುತು ನೋಡಿದವಳೇ, ನನ್ನ ಇಲಿಗಳಿಗೂ ಇದೇ ಕಾಯಿಲೆ ಅಜ್ಜಿ ಎಂದಳು. ಮೊದಲು ಕೋಪ ಬಂತು, ನನ್ನ ಮೊಮ್ಮಗಳನ್ನು ಇಲಿಗೆ ಹೋಲಿಸುತ್ತಾಳಲ್ಲ ಎಂದು. ಆಮೇಲೆ ಕಿವಿ ನೆಟ್ಟಗಾಯಿತು. ಅವಳು ಸಾಕುತ್ತಿದ್ದದ್ದು ಹುಟ್ಟುವಾಗಲೇ ತಲೆಯಲ್ಲಿ ನೀರು ತುಂಬಿಕೊಳ್ಳುವ ಜಾತಿಯ ಇಲಿಗಳನ್ನು. ಅವುಗಳಿಗೆ ಗ್ರೋತ್ ಫ್ಯಾಕ್ಟರ್ ಎಂಬ ಒಂದು ಔಷಧಿ ಚುಚ್ಚಿ, ಕೆಟ್ಟ ಮಿದುಳು ಮತ್ತೆ ಚಿಗುರುತ್ತದೆಯೇ ಎಂದು ನೋಡುತ್ತಿದ್ದಳು.

ನನಗೆ ತಿಳಿಯುವ ಹಾಗೆ ಹೇಳು ಎಂದೆ. ರಾಗಿ ಬೆಳೆಯುವವರ ಮಗಳಲ್ಲವೇ, ಹೊಲದಲ್ಲೇ ಹೇಳಿದಳು. "ಹೊಲದಾಗೆ ನೀರು ನಿಂತ್ರೆ ಪೈರು ಮಕಾಡೆ ಮಲಗುತ್ತಲ್ಲ ಅಜ್ಜಿ? ಕಾಲುವೆ ಹೊಡೆದು ನೀರು ಬಸಿದ್ರೆ ಹೊಲ ಉಳಿಯುತ್ತೆ. ಕೊಳವೆ ಮಾಡೋದು ಅಷ್ಟೇ. ಮಲಗಿದ ಪೈರು ಏಳ್ಬೇಕಲ್ಲ, ಅದಕ್ಕೆ ಗೊಬ್ಬರ ಹುಡುಕ್ತಿದೀನಿ ನಾನು."

ಆವತ್ತಿನಿಂದ ನಮ್ಮ ಮನೆಯಲ್ಲಿ ಸಂಜೆಯ ಧಾರಾವಾಹಿ ನಿಂತಿತು. ಇಲಿಗಳ ಪರೀಕ್ಷೆಯನ್ನು ಅವಳು ವಿಡಿಯೋ ಹಿಡಿದು ತಂದು ಲ್ಯಾಪ್‌ಟಾಪಿನಲ್ಲಿ ಮತ್ತೆ ಮತ್ತೆ ನೋಡುತ್ತಿದ್ದಳು. ನಾವೂ ಕೂತೆವು. ಬೆರಳಗಲದ ಒಂದು ಮರದ ಪಟ್ಟಿ, ಈ ತುದಿಯಲ್ಲಿ ಇಲಿ, ಆ ತುದಿಯಲ್ಲಿ ಬೆಚ್ಚನೆಯ ಗೂಡು. ಇಲಿ ಅದರ ಮೇಲೆ ನಡೆದು ಹೋಗಬೇಕು. ಹಿಂಗಾಲು ಎಷ್ಟು ಸಲ ಜಾರಿತು ಎಂದು ಇವಳು ಎಣಿಸುತ್ತಾಳೆ. ಬೆನ್ನ ಮೇಲೆ ಬಣ್ಣದಲ್ಲಿ ನಂಬರು. ಒಂದು ಪಟ್ಟಿಯ ನಡುವೆ ಕೂತು ಮೀಸೆ ಒರೆಸಿಕೊಳ್ಳುತ್ತದೆ, ಒಂದು ಹಿಂದಕ್ಕೇ ಬರುತ್ತದೆ, ಇನ್ನೊಂದು ಧೊಪ್ಪೆಂದು ಕೆಳಗಿನ ಮೆತ್ತೆಗೆ ಬೀಳುತ್ತದೆ. ಪಕ್ಕದ ಮನೆಯವರೂ ಬರತೊಡಗಿದರು. ಹುರಿಗಡಲೆ ಮೆಲ್ಲುತ್ತ, ಹೋಗ್ಲಾ ಹೋಗ್ಲಾ ಎಂದು ಇಲಿಯನ್ನು ಹುರಿದುಂಬಿಸುವುದು ಬೀದಿಯ ಕೊನೆಗೂ ಕೇಳುತ್ತಿತ್ತು.

ನನ್ನ ಮನಸ್ಸು ಗೆದ್ದದ್ದು ಹದಿನಾಲ್ಕನೇ ನಂಬರು. ಶುರುವಿನಲ್ಲಿ ಅದು ಬಿದ್ದಷ್ಟು ಇನ್ಯಾವುದೂ ಬಿದ್ದಿರಲಿಲ್ಲ. ದಿನ ಕಳೆದ ಹಾಗೆ ಬಾಲ ಎತ್ತಿಕೊಂಡು ಊರ ಪಟೇಲನ ಗತ್ತಿನಲ್ಲಿ ದಾಟತೊಡಗಿತು. ಪಟೇಲ ಎಂದೇ ಹೆಸರಿಟ್ಟೆ. ಇದಕ್ಕೆ ಔಷಧಿ ಬಿದ್ದಿದೆ ಕಣೇ, ನೋಡಿದರೇ ಗೊತ್ತಾಗುತ್ತದೆ ಎಂದೆ. ಪುಟ್ಟಲಕ್ಷ್ಮಿ ತಲೆಯಾಡಿಸಿದಳು.

"ನಂಗೂ ಗೊತ್ತಿಲ್ಲ ಅಜ್ಜಿ. ಅರ್ಧ ಇಲಿಗೆ ಔಷಧಿ, ಅರ್ಧಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಯಾವುದು ಅಂತ ನಮ್ಮ ಮೇಷ್ಟ್ರು ಬರ್ದು ಬೀಗ ಹಾಕಿ ಇಟ್ಟವ್ರೆ."

"ಸಾರು ಮಾಡ್ದೋಳಿಗೇ ಉಪ್ಪು ಬಿದ್ದಿದೆಯೋ ಇಲ್ವೋ ಗೊತ್ತಿಲ್ಲ ಅಂದ್ರೆ ಅದೆಂಥಾ ಅಡುಗೆ ಕಣೇ?"

"ಗೊತ್ತಿದ್ರೆ ನನ್ನ ಕಣ್ಣು ಸುಳ್ಳು ಹೇಳುತ್ತೆ. ಔಷಧಿ ತಗೊಂಡಿದ್ದು ಜಾರಿದ್ರೂ ಜಾರಿಲ್ಲ ಅನ್ನುತ್ತೆ. ಗೌರಿ ಹಾಡು ನಿಮ್ಗೆ ಇಂಪಾಗೇ ಕೇಳುತ್ತಲ್ಲ, ಹಂಗೆ."

ಗೌರಿ ಹಾಡಿದರೆ ನಮ್ಮ ಬೆಕ್ಕು ಮನೆ ಬಿಟ್ಟು ಹೋಗುತ್ತದೆ. ಅವಳ ಮಾತು ಒಪ್ಪಿಕೊಂಡೆ.

ಆದರೆ ಮನಸ್ಸು ಸುಮ್ಮನಿರಬೇಕಲ್ಲ. ಒಂದು ಬೆಳಿಗ್ಗೆ ಅವಳಿಗೆ ಕಾಫಿ ಕೊಟ್ಟು, ಆ ಔಷಧಿ ಒಂದು ಸೀಸೆ ನಮ್ಮ ಗೌರಿಗೂ ತಾ ಎಂದೆ. ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ. ಅವಳ ಮುಖದ ನಗು ಹಾಗೇ ನಿಂತಿತು. ಆಗಲ್ಲ ಎಂದಳು. ಇಲಿಗೆ ಕೊಡುತ್ತೀಯ, ನನ್ನ ಮೊಮ್ಮಗಳಿಗೆ ಕೊಡಲು ನಿನಗೇನು ಸಂಕಟ ಎಂದು ನಾನು ಬಾಯಿ ಮಾಡಿದೆ. ಶೋಭಾ ಒಳಗಿನಿಂದ ಬಂದು ನನ್ನನ್ನು ತಡೆಯಲು ನೋಡಿದಳು, ಅವಳಿಗೂ ಎರಡು ಬೈಗುಳ ಬಿತ್ತು.

ಪುಟ್ಟಲಕ್ಷ್ಮಿ ಕಾಫಿ ಲೋಟ ಕೆಳಗಿಟ್ಟಳು. "ಗೊಬ್ಬರ ಹಾಕಿದ್ರೆ ಪೈರೊಂದೇ ಬೆಳೆಯಲ್ಲ ಅಜ್ಜಿ, ಕಳೆನೂ ಬೆಳೆಯುತ್ತೆ. ಗೌರಿ ತಲೇಲಿ ಬೆಳೀಬಾರದ್ದು ಬೆಳೆದ್ರೆ ನಾನು ಎಲ್ಲಿ ಹೋಗಿ ಕೀಳಲಿ? ಇದು ಇನ್ನೂ ಇಲಿ ಮಾತು. ಮಕ್ಕಳ ಮಾತಾಗಕ್ಕೆ ಎಷ್ಟು ವರ್ಷ ಬೇಕೋ, ಆಗುತ್ತೋ ಇಲ್ವೋ. ನಿಮ್ಗೆ ಆಸೆ ತೋರ್ಸಿದ್ರೆ ನನ್ನಂಥ ಕಳ್ಳಿ ಇಲ್ಲ."

ಒಂದು ವಾರ ನಾನು ಅವಳಿಗೆ ಕಾಫಿ ಕೊಡಲಿಲ್ಲ. ಅವಳೇನೂ ಬೇಜಾರು ಮಾಡಿಕೊಳ್ಳದೆ ತಾನೇ ಅಡುಗೆಮನೆಗೆ ಬಂದು, ಕಾಫಿ ಮಾಡಿಕೊಂಡು, ನನಗೂ ಒಂದು ಲೋಟ ಇಟ್ಟು ಹೋಗುತ್ತಿದ್ದಳು. ಅವಳ ಕಾಫಿ ಕಲಗಚ್ಚಿನ ಹಾಗಿರುತ್ತಿತ್ತು. ಕುಡಿಯಲಾರದೆ ರಾಜಿಯಾದೆ.

ಔಷಧಿ ಕೈಗೆ ಬರುವುದಿಲ್ಲ ಎಂದಮೇಲೆ ಇನ್ನು ಇಲಿಗಳು ಗೆಲ್ಲುವುದೊಂದೇ ದಾರಿ. ಇಲಿ ಗೆದ್ದರೆ ತಾನೇ ಔಷಧಿ ಮುಂದಕ್ಕೆ ಹೋಗುವುದು, ಎಂದಾದರೂ ಗೌರಿಯ ಸರದಿ ಬರುವುದು? ಒಂದು ಸೋಮವಾರ ಶೋಭಾಳಿಗೆ ರಜೆ ಹಾಕಿಸಿ, ಗೌರಿಯನ್ನು ಎತ್ತಿಕೊಂಡು, ಬಸ್ಸು ಬದಲಿಸಿ ಯಡಿಯೂರಿಗೆ ಹೋದೆ. ಸಿದ್ಧಲಿಂಗೇಶ್ವರನಿಗೆ ಪೂಜೆಗೆ ಕೊಟ್ಟು ನಿಂತೆ. ಅರ್ಚಕರು ಯಾರ ಹೆಸರಿನಲ್ಲಿ ಎಂದರು. ಇಲಿಗಳ ಹೆಸರಿನಲ್ಲಿ ಎಂದೆ. ಅವರು ಮಂಗಳಾರತಿ ತಟ್ಟೆ ಹಿಡಿದುಕೊಂಡೇ ನನ್ನ ಮುಖ ನೋಡಿದರು.

"ಮನೇಲಿ ಇಲಿ ಕಾಟ ಏನಮ್ಮ?"

"ಇಲ್ಲ ಬುದ್ಧಿ, ಕಾಟ ಇಲಿಗಳಿಗೆ."

ಹಿಂದೆ ಸಾಲಿನಲ್ಲಿದ್ದವರು ಮುಸಿಮುಸಿ ನಕ್ಕರು. ಶೋಭಾ ಸೆರಗಿನಿಂದ ಮುಖ ಮುಚ್ಚಿಕೊಂಡು ಕಂಬದ ಹಿಂದೆ ಹೋದಳು. ಹೆಸರು ಹೇಳಿ ಎಂದದ್ದಕ್ಕೆ ಒಂದನೇ ನಂಬರಿನಿಂದ ಶುರುಮಾಡಿದೆ. ನಿಜ ಹೇಳಬೇಕೆಂದರೆ ಔಷಧಿ ಬಿದ್ದ ಇಲಿಗಳಿಗಷ್ಟೇ ಮಾಡಿಸುವ ಮನಸ್ಸಿತ್ತು. ಯಾವುದಕ್ಕೆ ಬಿದ್ದಿದೆ ಎಂದು ಯಾರಿಗೆ ಗೊತ್ತು? ಒಂದನ್ನು ಬಿಟ್ಟು ಅದೇ ಔಷಧಿಯದಾಗಿದ್ದರೆ ಪೂಜೆ ದಂಡ. ಅದಕ್ಕೇ ಎಲ್ಲ ನಂಬರನ್ನೂ ಹೇಳಿಬಿಟ್ಟೆ. ಅರ್ಚಕರು ಒಳ್ಳೆಯವರು, ತುಟಿ ಬಿಗಿಹಿಡಿದು ಪೂರ್ತಿ ಕೇಳಿಸಿಕೊಂಡು ವಿಭೂತಿ ಕೊಟ್ಟರು.

ಮನೆಗೆ ಬಂದು ಈ ಸಂಗತಿ ಹೇಳಿದರೆ ಪುಟ್ಟಲಕ್ಷ್ಮಿ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕಣ್ಣರಳಿಸಿ, ಎಲ್ಲದಕ್ಕೂ ಮಾಡಿಸಿದಿರಾ, ಒಂದನ್ನೂ ಬಿಟ್ಟಿಲ್ಲ ತಾನೇ ಎಂದು ಎರಡೆರಡು ಸಲ ಕೇಳಿದಳು.

"ಬಚಾವಾದೆ ಕಣಜ್ಜಿ. ಬರೀ ಔಷಧಿ ಇಲಿಗೆ ಮಾಡ್ಸಿದ್ರೆ, ಗೆದ್ದಿದ್ದು ಔಷಧಿಯಿಂದಾನೋ ದೇವರಿಂದಾನೋ ಅಂತ ನಾನು ಹೆಂಗೆ ಹೇಳ್ಲಿ? ಎಲ್ಲಕ್ಕೂ ಸಮ ಹಂಚಿದೀರ. ನಮ್ಮ ಮೇಷ್ಟ್ರೂ ಇಷ್ಟು ನೀಟಾಗಿ ಮಾಡಲ್ಲ."

ಹೇಳಿ ನೆಲದ ಮೇಲೆ ಉರುಳಾಡಿ ನಕ್ಕಳು. ಅದರಲ್ಲಿ ನಗುವಂಥದ್ದೇನೆಂದು ನನಗೆ ಅರ್ಥವಾಗಲಿಲ್ಲ, ಆದರೆ ಅವಳು ನಕ್ಕರೆ ನಗದೆ ಇರುವುದು ಕಷ್ಟ. ಗೌರಿಯಂತೂ ಬಿಕ್ಕಳಿಕೆ ಬರುವವರೆಗೆ ನಕ್ಕಳು.

ಅವಳು ನಗದೆ ಇದ್ದದ್ದನ್ನೂ ಒಂದು ದಿನ ಕಂಡಿದ್ದೇನೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಬಂದು, ಗಂಜಿ ಇದ್ದರೆ ಕೊಡಿ ಎಂದು ಗೋಡೆಗೊರಗಿ ಕೂತಳು. ವಿಡಿಯೋ ಎಲ್ಲಿ ಎಂದು ಗೌರಿ ಕೇಳಿದಳು. ಇನ್ನು ವಿಡಿಯೋ ಇಲ್ಲ ಎಂದಳು. ನನಗೆ ತಿಳಿಯಿತು. ಪಟೇಲನೂ ಹೋದನಾ ಎಂದೆ. ಮಿದುಳು ಒಳಗೆ ಹೇಗಾಗಿದೆ ಎಂದು ತೆಗೆದೇ ನೋಡಬೇಕು ಅಜ್ಜಿ, ಬೇರೆ ದಾರಿ ಇಲ್ಲ ಎಂದಳು. ಗಂಜಿಗೆ ಉಪ್ಪಿನಕಾಯಿ ಹಾಕಿ ಕೊಟ್ಟೆ.

ಮೇಷ್ಟ್ರು ಬೀಗ ತೆಗೆದ ದಿನ ಅವಳು ಬಸ್ಸು ಇಳಿದವಳು ಓಡಿಕೊಂಡೇ ಬಂದಳು. ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿದಳು, ಬೈದೆ, ಬಿಟ್ಟು ಮತ್ತೆ ಬಂದಳು. ಔಷಧಿ ತೆಗೆದುಕೊಂಡ ಇಲಿಗಳು ಒಟ್ಟಿನಲ್ಲಿ ನೋಡಿದರೆ ಕಡಿಮೆ ಜಾರಿದ್ದವಂತೆ. ಅವುಗಳ ಮಿದುಳೂ ಚೂರು ದಪ್ಪ ಉಳಿದಿತ್ತಂತೆ. ಚೂರೇ. ನೀರು ತೀರ ಹೆಚ್ಚಿದ್ದ ಇಲಿಗಳಿಗೆ ಔಷಧಿ ಏನೂ ಮಾಡಿರಲಿಲ್ಲ. ಅಷ್ಟಕ್ಕೇ ಅವಳು ನನ್ನ ಎರಡೂ ಕೈ ಹಿಡಿದು ಕುಣಿದಳು. ನನ್ನ ಮಂಡಿ ನೋವು ಅವಳಿಗೇನು ಗೊತ್ತು.

ಹಾಗಾದರೆ ಪಟೇಲನದು ಔಷಧಿಯೇ, ನಾನು ಹೇಳಿರಲಿಲ್ಲವೇ ಎಂದೆ.

ಅವಳು ಕುಣಿತ ನಿಲ್ಲಿಸಿದಳು. "ಪಟೇಲಂಗೆ ಬರೀ ಉಪ್ಪುನೀರು ಅಜ್ಜಿ."

"ಉಪ್ಪುನೀರಿಗೇ ಹಂಗೆ ನಡೀತಾ?"

"ಕೆಲವು ಹಂಗಿರ್ತವೆ. ಒಂದನ್ನ ನೋಡಿ ಔಷಧಿ ಒಳ್ಳೇದು ಕೆಟ್ಟದ್ದು ಅನ್ನಂಗಿಲ್ಲ. ಅವನಿಗೆ ನೀರೂ ಕಮ್ಮಿ ಇತ್ತೇನೋ. ದಿನಾ ಬೀಳ್ತಿದ್ದ, ದಿನಾ ಹತ್ತುತಿದ್ದ. ಬಿದ್ದಾಗ ನಾವು ಎತ್ತಂಗೂ ಇರ್ಲಿಲ್ಲ."

ಅವಳು ನನಗೆ ಬುದ್ಧಿ ಹೇಳಲು ಈ ಮಾತು ಆಡಲಿಲ್ಲ, ಅವಳ ಗ್ಯಾನವೆಲ್ಲ ತನ್ನ ಲೆಕ್ಕದಲ್ಲೇ ಇತ್ತು. ಆದರೆ ಗೌರಿ ನನ್ನ ಸೊಂಟದ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಪಟೇಲಂಗೆ ಔಷಧಿ ಇಲ್ವಾ, ಹಂಗಾದ್ರೆ ನಂಗೂ ಬೇಡ, ಇಳಿಸು ಎಂದಳು. ಇಳಿಸಲಿಲ್ಲ. ಇಳಿಸು ಎಂದು ನನ್ನ ಕೂದಲು ಹಿಡಿದು ಜಗ್ಗಿದಳು. ನೋವಿಗೆ ಇಳಿಸಿದೆ. ಗೋಡೆ ಹಿಡಿದು ನಿಂತು ನಮ್ಮಿಬ್ಬರನ್ನೂ ನೋಡಿ ನಕ್ಕಳು.

ಮಾರನೆಯ ವಾರ ಬೆಂಗಳೂರಿಗೆ ಹೋಗಿ ಡಾಕ್ಟರನ್ನು ಕೇಳಿದೆವು. ಕೊಳವೆ ಸರಿಯಾಗಿದೆ, ನಡೆಸಿ ಎಂದು ನಾವು ಇನ್ನೆಷ್ಟು ಸಲ ಹೇಳಬೇಕು ಎಂದು ನನಗೇ ಬೈದರು. ಪುಟ್ಟಲಕ್ಷ್ಮಿ ಹಿತ್ತಲಲ್ಲಿ ಒಂದು ಹಳೆಯ ಬಾಗಿಲನ್ನು ನೆಲಕ್ಕೆ ಹಾಸಿ, ಸುತ್ತ ಹಾಸಿಗೆ ಹರವಿ, ಆ ತುದಿಯಲ್ಲಿ ಹುರಿಗಡಲೆ ಬೆಲ್ಲ ಇಟ್ಟಳು. ಗೌರಿ ತನಗೂ ನಂಬರು ಹಾಕಬೇಕು ಎಂದು ಹಟ ಹಿಡಿದು ಅಂಗೈ ಹಿಂದೆ ಹದಿನಾಲ್ಕು ಬರೆಸಿಕೊಂಡಳು. ಬಿದ್ದಳು. ನಾನು ಏಳುವುದು, ಪುಟ್ಟಲಕ್ಷ್ಮಿ ನನ್ನ ಸೆರಗು ಹಿಡಿದು ಕೂರಿಸುವುದು. ಗೌರಿಗಿಂತ ನನಗೇ ಆ ಅಭ್ಯಾಸ ಕಷ್ಟವಾಯಿತು. ತಿಂಗಳುಗಳು ಹಿಡಿದವು. ಕಾಲು ನೆಟ್ಟಗಾಗಲಿಲ್ಲ, ಈಗಲೂ ಬಾತುಕೋಳಿಯ ಹಾಗೇ ನಡೆಯುತ್ತಾಳೆ. ಆದರೆ ನಡೆಯುತ್ತಾಳೆ.

ಪುಟ್ಟಲಕ್ಷ್ಮಿಗೆ ಉತ್ತರದ ಕಡೆ ಒಂದು ದೊಡ್ಡ ಊರಿನಲ್ಲಿ ಇದೇ ಔಷಧಿಯ ಕೆಲಸ ಸಿಕ್ಕಿತು. ಅಲ್ಲೂ ಇಲಿಯೇ. ಕರೆದುಕೊಂಡು ಹೋಗಲು ಅವಳ ತಮ್ಮ ಬಂದಿದ್ದ. ಗುಬ್ಬಿ ಸ್ಟೇಷನ್ನಿಗೆ ನಾನು, ಗೌರಿ, ಶೋಭಾ ಮೂವರೂ ಹೋದೆವು. ಪುಳಿಯೋಗರೆ ಕಟ್ಟಿದ್ದೆ. ಬೆಂಗಳೂರಿನ ರೈಲು ಬಂತು. ತಮ್ಮ ಸಾಮಾನೆಲ್ಲ ಒಳಗೆ ಸಾಗಿಸಿ ಸೀಟು ಹಿಡಿದ. ಪುಟ್ಟಲಕ್ಷ್ಮಿ ಬಾಗಿಲಲ್ಲಿ ನಿಂತಳು. ನಾನು ಡಬ್ಬಿ ಕೊಡಲು ಹೊರಟರೆ ಗೌರಿ ಕಿತ್ತುಕೊಂಡಳು. ನಾನೇ ಕೊಡುತ್ತೇನೆ ಎಂದು ಬೆಂಚು ಬಿಟ್ಟು ಹೊರಟೇಬಿಟ್ಟಳು.

ಅರ್ಧ ದಾರಿಯಲ್ಲಿ ಬಿದ್ದಳು. ಡಬ್ಬಿ ಉರುಳಿತು. ಟೀ ಮಾರುವವನೊಬ್ಬ ಅಯ್ಯೋ ಎಂದು ಓಡಿಬಂದ. "ಯಾರೂ ಮುಟ್ಬ್ಯಾಡಿ, ಅವಳೇ ಏಳ್ತಾಳೆ" ಎಂದು ಪುಟ್ಟಲಕ್ಷ್ಮಿ ಬಾಗಿಲಿನಿಂದಲೇ ಕೂಗಿದಳು. ಎಂಥಾ ಹೆಂಗಸಮ್ಮ ಇವಳು ಎಂದು ಅಲ್ಲಿದ್ದವರು ಬೈದರು. ರೈಲು ಶಿಳ್ಳೆ ಹಾಕಿತು. ಗೌರಿ ಡಬ್ಬಿ ಹುಡುಕಿ, ಕೈ ಊರಿ, ಹಿಂಭಾಗ ಎತ್ತಿ, ನಿಧಾನಕ್ಕೆ ನಿಂತಳು. ರೈಲಿಗೆ ಅಷ್ಟು ಸಾವಧಾನ ಇರಬೇಕಲ್ಲ. ಪುಟ್ಟಲಕ್ಷ್ಮಿ ರೈಲಿನ ಕಡೆ ನೋಡಿದಳು, ಹುಡುಗಿಯ ಕಡೆ ನೋಡಿದಳು, ಕೆಳಗಿಳಿದು ಪ್ಲಾಟ್‌ಫಾರಮ್ಮಿನ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಅವಳ ಬೆನ್ನ ಹಿಂದೆ ರೈಲು ಕದಲಿತು. ಗೌರಿ ತಲುಪಿ ಡಬ್ಬಿ ಕೊಟ್ಟಾಗ ಕೊನೆಯ ಬೋಗಿಯೂ ದಾಟಿಹೋಗಿತ್ತು.

ತಮ್ಮನಿಗೆ ಫೋನು ಮಾಡಿದರೆ, ಅಕ್ಕ ಕಕ್ಕಸಿಗೆ ಹೋಗಿದ್ದಾಳೆ ಎಂದುಕೊಂಡು ಅವನು ಆರಾಮಾಗಿ ಕಡಲೆಕಾಯಿ ತಿನ್ನುತ್ತಿದ್ದ. ತುಮಕೂರಿನಲ್ಲಿ ಸಾಮಾನು ಸಮೇತ ಇಳಿದುಕೊಳ್ಳಲು ಹೇಳಿದೆವು. ನಮ್ಮ ಬೀದಿಯವನೊಬ್ಬ ಸ್ಕೂಟರು ತಂದ. ಪುಟ್ಟಲಕ್ಷ್ಮಿ ಹಿಂದೆ ಕೂತು, ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಬರ್ತೀನಜ್ಜಿ ಎನ್ನಲು ಹೋಗಿ ನಗು ತಡೆಯಲಾರದೆ ಕೈ ಮಾತ್ರ ಬೀಸಿದಳು. ಸ್ಕೂಟರು ತಿರುವು ದಾಟಿದ ಮೇಲೂ ಆ ನಗು ಕೇಳುತ್ತಿತ್ತು. ಅವಳನ್ನು ನಾನು ನೋಡಿದ್ದು ಅದೇ ಕೊನೆ.

ಸ್ಟೇಷನ್ನಿನ ಗೇಟು ದಾಟುತ್ತಲೇ ಗೌರಿ ಎರಡೂ ಕೈ ಮೇಲೆತ್ತಿ, ಕಾಲು ನೋಯುತ್ತೆ ಎತ್ಕೋ ಎಂದಳು. ನಡಿ ಎಂದೆ. ದಾರಿಯುದ್ದಕ್ಕೂ ನನ್ನನ್ನು ಬೈದುಕೊಂಡು ಮನೆಯವರೆಗೂ ನಡೆದಳು.